ಸೂಗಮ್ಮನ ಉಡಿ

೯ ಫೆಬ್ರುವರಿ ೨೦೨೫, ಭಾನುವಾರ

ಅಳಿಯ ಭೀಮು ಬಂದು ಹೋದ. ಸೇಡಂನಿಂದ ಮೊದಲ ಬಸ್ಸಿಗೇ ಚಿತ್ತಾಪುರಕ್ಕೆ ಬಂದವನು, ಕೊಟ್ಟ ಚಹಾ ಮುಟ್ಟದೆ, ಗೋಡೆಯ ಮೇಲಿನ ಶ್ರುತಿಯ ಫೋಟೋಕ್ಕೆ ಬೆನ್ನು ಮಾಡಿ ಕೂತ. ಭೀಮು ಚಹಾ ಬಿಟ್ಟನೆಂದರೆ ಏನೋ ಇದೆ ಎಂದುಕೊಂಡೆ. ಇತ್ತು.

"ಅತ್ತಿ, ಮನ್ನಿ ಗುರುವಾರ ಕಾಳಗ್ಯಾಗ ಲಗ್ನಾ ಮಾಡ್ಕೊಂಡೀನ್ರಿ. ಮನಿ ಮಂದಿ ಅಷ್ಟೇ ಇದ್ವಿ. ನಿಮಗ ಹ್ಯಾಂಗ ಹೇಳಬೇಕು ತಿಳೀಲಿಲ್ಲ."

"ಈಗ ತಿಳೀತಲ್ಲ," ಎಂದೆ.

ನನ್ನ ಮಗಳು ಶ್ರುತಿ ಡೆಂಗಿ ಜ್ವರದಲ್ಲಿ ಹೋಗಿ ಒಂದೂವರೆ ವರ್ಷ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಗಂಡಸು, ಮನೆಯಲ್ಲಿ ಮೊಣಕಾಲು ಹಿಡಿದುಕೊಂಡ ತಾಯಿ. ಇನ್ನೊಂದು ಮದುವೆ ಮಾಡಿಕೊಂಡನೆಂದು ಅವನನ್ನು ಬೈಯುವುದು ನ್ಯಾಯವಲ್ಲ, ಗೊತ್ತು. ಆದರೂ ಮನಸ್ಸಿನಲ್ಲಿ ಚೆನ್ನಾಗಿಯೇ ಬೈದೆ. ಆಮೇಲೆ ಅವನು ನಿಜವಾದ ವಿಷಯಕ್ಕೆ ಬಂದ. ತಾಯಿ ಹೋದಾಗಿನಿಂದ ನನ್ನ ಹತ್ತಿರವೇ ಇರುವ ಅವರ ಮಗಳು ಗಂಗುವನ್ನು ಶಾಲೆ ಶುರುವಾಗುವುದರೊಳಗೆ ಕರೆದುಕೊಂಡು ಹೋಗಿ ಸೇಡಂನಲ್ಲಿಯೇ ಒಂದನೇ ಇಯತ್ತೆಗೆ ಹಾಕುತ್ತಾನಂತೆ.

"ಆದ್ರ ನಮ್ಮವ್ವ ಒಂದು ಮಾತು ಹೇಳ್ಯಾಳ್ರಿ. ನೀವು ಸೂಗಮ್ಮಗ ಉಡಿ ತುಂಬಿದ ಮ್ಯಾಲೇ ಪೋರೀನ್ನ ಕರಕೊಂಡು ಬಾ ಅಂತ."

ನಮ್ಮ ಜನರ ಪದ್ಧತಿ ಅದು. ಹೆಂಡತಿ ಸತ್ತು ಇನ್ನೊಬ್ಬಳು ಬಂದರೆ, ಸತ್ತವಳ ತವರಿನವರು ಹೊಸಬಳನ್ನು ಕರೆದು ಸೀರೆ ಉಡಿಸಿ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು ಹಾಕಬೇಕು. ಅಂದಿನಿಂದ ಅವಳೂ ಆ ಮನೆಯ ಮಗಳು. ಅದಾಗುವ ಮೊದಲೇ ಸತ್ತವಳ ಕೂಸನ್ನು ಮಡಿಲಿಗೆ ತೆಗೆದುಕೊಂಡರೆ ಕೂಸಿಗೆ ಕೇಡು ಎನ್ನುತ್ತಾರೆ. ದಂಡೋತಿ, ರಾವೂರ ಶಾಲೆಗಳಲ್ಲಿ ಇಂಥದ್ದನ್ನೆಲ್ಲ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಲೇ ನಾನು ಪೆನ್ಶನ್ನಿಗೆ ಬಂದವಳು. ಇವತ್ತು ಮಾತ್ರ ಬೀಗತಿ ಪೀರಮ್ಮ ನಂಬಿದ್ದಾಳಲ್ಲ, ಅವಳ ಹೊಟ್ಟೆ ತಣ್ಣಗಿರಲಿ ಎನ್ನಿಸಿತು. ನಾನು ಉಡಿ ತುಂಬದಿದ್ದರೆ ಗಂಗು ನನ್ನ ಹತ್ತಿರವೇ ಇರುತ್ತಾಳೆ.

"ಆಗಲಿ. ಹೋಳಿ ಹೋಗಲಿ, ನೋಡೋಣು," ಎಂದೆ. ಭೀಮು ಆಗ ಚಹಾ ಕುಡಿದ. ಆರಿ ಹೋಗಿತ್ತು.

೧೨ ಫೆಬ್ರುವರಿ

ಗಂಗು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಾಳೆ. ಬಿಡಿಸಲು ಹೋದರೆ ನಿದ್ದೆಯಲ್ಲಿಯೇ ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ. ಬೆಳಿಗ್ಗೆ ಸೀರೆಯೆಲ್ಲ ಮುದುಡಿ ಹೋಗಿರುತ್ತದೆ. ಬಾಲವಾಡಿಯಲ್ಲಿ ಯಾರೋ ಅವ್ವನ ಹೆಸರು ಕೇಳಿದ್ದಕ್ಕೆ "ಹೀರಾಬಾಯಿ ಟೀಚರ್" ಎಂದು ನನ್ನ ಹೆಸರು ಹೇಳಿ ಬಂದಿದ್ದಾಳೆ. ತಪ್ಪು ತಿದ್ದಬೇಕಿತ್ತು. ತಿದ್ದಲಿಲ್ಲ.

೧೭ ಮಾರ್ಚ್

ಹೋಳಿ ಹೋಯಿತು, ಭೀಮುವಿನ ಫೋನ್ ಬಂತು. ನಾನು ಉತ್ತರ ತಯಾರು ಮಾಡಿಟ್ಟುಕೊಂಡೇ ಇದ್ದೆ.

"ನಾ ಗಂಡ ಇಲ್ಲದಾಕಿ. ನಾ ತುಂಬಿದ್ರ ನಡೀತದೇನು? ದಂಡೋತಿಯಿಂದ ನಮ್ಮ ಸುಂದರಮ್ಮ ಬರಬೇಕು. ಆಕಿ ಮಗಳ ಬಾಣಂತನದಾಗ ಅದಾಳ. ಯುಗಾದಿ ಹೋಗಲಿ."

ಸುಂದರಮ್ಮ ನನ್ನ ತಮ್ಮನ ಹೆಂಡತಿ. ಮಗಳ ಬಾಣಂತನ ಮುಗಿದು ಕೂಸು ಅಂಬೆಗಾಲಿಡುತ್ತಿದೆ. ಭೀಮುವಿಗೆ ಅದೇನು ಗೊತ್ತು? ಈ ಮನೆಯಲ್ಲಿ ವಿಧವೆಯಾದದ್ದರಿಂದ ನನಗೆ ಒಂದು ಉಪಯೋಗವಾದದ್ದು ಇದೇ ಮೊದಲು. ಅವರಿದ್ದಿದ್ದರೆ ಈ ಮಾತಿಗೆ ನಗುತ್ತಿದ್ದರು.

೪ ಏಪ್ರಿಲ್, ಶುಕ್ರವಾರ

ಆಕೆ ಬಂದಿದ್ದಳು, ಸೂಗಮ್ಮ. ಕಾಳಗಿಯ ತವರಿಗೆ ಹೋಗಿದ್ದವಳು ಸೇಡಂಗೆ ಹೋಗುವ ದಾರಿಯಲ್ಲಿ ಹಾಗೇ ಬಂದೆ ಎಂದಳು. ಕಾಳಗಿಯಿಂದ ಸೇಡಂಗೆ ನೇರ ಬಸ್ಸಿದೆ. ನನ್ನ ಮುಂದೆಯೇ ಸುಳ್ಳು.

ಉದ್ದನೆಯ ಒಣಕಲು ಮೈ, ಕೈಯಲ್ಲಿ ತೊಗರಿಬೇಳೆಯ ಚೀಲ. ಚಪ್ಪಲಿಯನ್ನು ಬಾಗಿಲ ಬದಿಗೆ ನೀಟಾಗಿ ಜೋಡಿಸಿಟ್ಟಳು. ಅದೊಂದಕ್ಕೆ ಮಾರ್ಕು ಕೊಡಬಹುದು, ಉಳಿದದ್ದಕ್ಕಿಲ್ಲ. ಮೂವತ್ತು ದಾಟಿದ್ದಾಳೆ. ತಾಯಿ ಚಿಕ್ಕಂದಿನಲ್ಲಿಯೇ ತೀರಿಕೊಂಡು, ತಮ್ಮಂದಿರನ್ನು ಸಾಕಿ ದೊಡ್ಡವರನ್ನು ಮಾಡುವುದರಲ್ಲಿ ಮದುವೆಯ ವಯಸ್ಸು ಹೋಯಿತಂತೆ.

"ಕುಂದ್ರು," ಎಂದೆ. ನೀರು ಕೊಟ್ಟೆ. ಗಂಗು ಬಾಗಿಲ ಮರೆಯಿಂದ ಇಣುಕಿ ತಲೆ ಕೆರೆದುಕೊಂಡಳು.

"ಹೇನಾಗ್ಯಾವೇನು ನಮ್ಮವ್ವಗ?" ಎಂದು ಆಕೆ ಹಣಿಗೆ ಕೇಳಿದಳು. ಒಲ್ಲೆನೆನ್ನಲು ಬಾಯಿ ಬರಲಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಮೇಲೆ ಕೂಸಿನ ತಲೆ ಸರಿಯಾಗಿ ನೋಡಲಾಗಿಲ್ಲ. ಹೊರಗೆ ಕಟ್ಟೆಯ ಮೇಲೆ ತಾನು ಕೂತು, ಗಂಗುವನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಬಾಚಿದಳು. ಗಂಗು ತೂಕಡಿಸಿ ಹಿಂದೆ ವಾಲಿದಾಗ ಆಕೆ ತಟ್ಟನೆ ಮೊಣಕಾಲು ಸರಿಸಿ, ಎರಡೂ ಕೈಯಿಂದ ಭುಜ ಹಿಡಿದು ನೆಟ್ಟಗೆ ಕೂರಿಸಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕೂಸು ತಾನಾಗಿ ಮೈಮೇಲೆ ವಾಲಿದರೆ ದೂರ ಸರಿಸುವವಳು ನಾಳೆ ಏನು ಸಾಕುತ್ತಾಳೆ? ನೋಡಬೇಕಾದದ್ದನ್ನು ನೋಡಿದೆನಲ್ಲ ಎಂದು ಸಮಾಧಾನವೇ ಆಯಿತು.

ಹೋಗುವಾಗ ಉಡಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

೮ ಏಪ್ರಿಲ್

"ಆಯಿ, ಚಿಗವ್ವ ಮತ್ತ ಯಾವಾಗ ಬರ್ತಾಳ?"

ಅಜ್ಜಿಗೆ ಆಯಿ ಎನ್ನಲು ಶ್ರುತಿ ಕಲಿಸಿದ್ದಳು. ಇವಳಿಗೆ ಚಿಗವ್ವ ಎನ್ನಲು ಯಾರು ಕಲಿಸಿದರು? ನಾನಂತೂ ಅಲ್ಲ.

೧೩ ಏಪ್ರಿಲ್, ಭಾನುವಾರ

ಬಿಸಿಲು ಮನುಷ್ಯರನ್ನು ಹುರಿಯುತ್ತಿದೆ. ಇಂಥದ್ದರಲ್ಲಿ ಸೂಗಮ್ಮ ಮತ್ತೆ ಬಂದಳು, ಪುಂಡಿಪಲ್ಯ ಮಾಡಿಕೊಂಡು. ಉಪ್ಪು ತುಸು ಮುಂದಾಗಿತ್ತು. ಗಂಗು ಎರಡು ರೊಟ್ಟಿ ತಿಂದಳು. ನನ್ನ ಪಲ್ಯಕ್ಕೆ ಒಂದೇ ತಿನ್ನುತ್ತಾಳೆ.

ಯುಗಾದಿಯೂ ಹೋಯಿತಲ್ಲ, ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಕಡೆಗೆ ನಾನೇ "ಸುಂದರಮ್ಮಗ ತಬ್ಯೇತ್ ಸರಿ ಇಲ್ಲ, ಅದಕ್ಕ ತಡಾ ಆಗಾಕತ್ತದ," ಎಂದೆ. ಅದೂ ಸುಳ್ಳೇ.

"ಇರಲಿ ಬಿಡ್ರಿ ಅಕ್ಕೋರೆ. ಅವಸರ ಇಲ್ಲ. ನೀವು ಕರದಾಗ ಬರ್ತೀನಿ. ಅಲ್ಲೀತನಕ ಹೀಂಗ ಬಂದು ಹೋಗತೀನಿ, ಬ್ಯಾಡ ಅನ್ನಬ್ಯಾಡ್ರಿ."

ಜಗಳಕ್ಕೆ ಬಂದಿದ್ದರೆ ಉತ್ತರವಿತ್ತು. ಬಸ್ ಸ್ಟ್ಯಾಂಡಿಗೆ ಹೋಗುವಾಗ ತಲೆಯ ಮೇಲೆ ಸೆರಗು ಬಿಟ್ಟರೆ ಬೇರೆ ನೆರಳಿರಲಿಲ್ಲ. ಛತ್ರಿ ಕೊಟ್ಟು ಕಳುಹಿಸಿದೆ. ಛತ್ರಿ ಹಿಂದಕ್ಕೆ ಕೊಡಲು ಮತ್ತೆ ಬರುತ್ತಾಳೆ ಎಂದು ಹೊಳೆದದ್ದು ಆಮೇಲೆ.

೨೪ ಏಪ್ರಿಲ್, ಗುರುವಾರ

ಇವತ್ತು ಬರೆಯಲು ಕೂರಲಿಕ್ಕೆ ಆಗುತ್ತಿದೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದೆ. ಶಹಾಬಾದ ಕಲ್ಲಿನ ಮೇಲೆ ಸಾಬೂನಿನ ನೀರು ನಿಂತಿತ್ತು. ಬಿದ್ದದ್ದು ಗೊತ್ತು, ತಲೆಗೆ ಪೆಟ್ಟಾದದ್ದು ಗೊತ್ತು, ಮುಂದಿನದು ಗೊತ್ತಿಲ್ಲ.

ಪಕ್ಕದ ಮನೆಯ ರಹೀಮಾ ಮಧ್ಯಾಹ್ನ ಪಾತ್ರೆ ಹಿಂದಕ್ಕೆ ಕೊಡಲು ಬರದಿದ್ದರೆ ಏನಾಗುತ್ತಿತ್ತೋ. ಅವಳು ಬಂದಾಗ ಬಾಗಿಲು ತೆರೆದೇ ಇತ್ತಂತೆ. ಬಚ್ಚಲಲ್ಲಿ ನನ್ನ ಮೈಮೇಲೆ ಚಾದರ ಹೊದಿಸಿತ್ತಂತೆ, ಕುತ್ತಿಗೆಯವರೆಗೆ, ಅಂಚು ಒಳಗೆ ಸೇರಿಸಿ. ನನ್ನ ತಲೆಯ ಹತ್ತಿರ ಗಂಗು ಮೊಣಕಾಲು ಅಪ್ಪಿಕೊಂಡು ಕೂತಿದ್ದಳಂತೆ. ಅಳುತ್ತಿರಲಿಲ್ಲ. ರಹೀಮಾ ಕಿರುಚಿದಾಗ ತುಟಿಯ ಮೇಲೆ ಬೆರಳಿಟ್ಟು "ಗದ್ಲ ಮಾಡಬ್ಯಾಡ್ರಿ" ಎಂದಳಂತೆ.

ನಿನ್ನೆ ದವಾಖಾನೆಯಿಂದ ಬಂದ ಮೇಲೆ ಕೇಳಿದೆ. "ಯಾಕ ಪುಟ್ಟಿ, ರಹೀಮಾ ಚಾಚೀನ್ನ ಕರೀಬೇಕಿಲ್ಲೇನು?"

"ಅವ್ವ ಅಂದಿದ್ಲಲ್ಲ, ಗದ್ಲ ಮಾಡಬ್ಯಾಡ, ಜರಾ ಮಲಗ್ತೀನಿ ಅಂತ. ನಾ ಆವತ್ತೂ ಗದ್ಲ ಮಾಡ್ಲಿಲ್ಲ, ನಿನ್ನೀನೂ ಮಾಡ್ಲಿಲ್ಲ."

ಶ್ರುತಿ ಜ್ವರದಲ್ಲಿ ಮಲಗಿ ಮತ್ತೆ ಏಳದ ದಿನ ಭೀಮು ಫ್ಯಾಕ್ಟರಿಯಲ್ಲಿದ್ದ, ಬೀಗತಿ ಊರಲ್ಲಿರಲಿಲ್ಲ. ಅವನು ಬರುವವರೆಗೆ ಕೂಸು ತಾಯಿಯ ಹತ್ತಿರ ಆಡಿಕೊಂಡಿತ್ತು ಎಂದೇ ನಾವೆಲ್ಲ ತಿಳಿದಿದ್ದೆವು. ಆಡಿಕೊಂಡಿರಲಿಲ್ಲ. ಹೀಗೆ ಕೂತಿತ್ತು. ಆಗ ಅವಳಿಗೆ ನಾಲ್ಕು ವರ್ಷ. ಇಷ್ಟು ದಿನ ನನ್ನ ಮಗ್ಗುಲಲ್ಲಿ ಮಲಗಿದ ಕೂಸು ಇದನ್ನು ಒಬ್ಬಳೇ ಹೊತ್ತುಕೊಂಡಿತ್ತು, ನನಗೆ ಕಾಣಲಿಲ್ಲ. ಗೋಡೆಯ ಕಡೆ ಹೊರಳಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಇನ್ನೂ ಅಳು ಬರುತ್ತಿದೆ.

ರಹೀಮಾ ಫೋನ್ ಮಾಡಿದ್ದಳೆಂದು ಸೂಗಮ್ಮ ಮಂಗಳವಾರ ಸಂಜೆಯೇ ಬಂದಳು. ಇಲ್ಲಿಯೇ ಇದ್ದಾಳೆ.

೨೬ ಏಪ್ರಿಲ್

ಸೂಗಮ್ಮ ನನ್ನನ್ನು ಎಬ್ಬಿಸಿ ಕೂರಿಸುತ್ತಾಳೆ, ಬೆನ್ನಿಗೆ ಎಣ್ಣೆ ಹಚ್ಚುತ್ತಾಳೆ. ಕೈ ಒರಟು. ಮೊದಮೊದಲು ನಾಚಿಕೆಯಾಗುತ್ತಿತ್ತು. ಬಚ್ಚಲಿನ ಕಲ್ಲನ್ನು ಇಟ್ಟಿಗೆಯ ಪುಡಿ ಹಾಕಿ ತಿಕ್ಕಿ ತಿಕ್ಕಿ ಜಾರದ ಹಾಗೆ ಮಾಡಿದ್ದಾಳೆ. ಭೀಮು ನೀವೂ ಸೇಡಂಗೆ ಬನ್ನಿ ಎಂದ. ಮಗಳಿದ್ದಾಗಲೇ ಎರಡು ದಿನಕ್ಕಿಂತ ಹೆಚ್ಚು ಇದ್ದವಳಲ್ಲ ನಾನು, ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ? ಒಲ್ಲೆನೆಂದೆ.

ಇವತ್ತು ಮಧ್ಯಾಹ್ನದ ಸಂಗತಿ ಬರೆಯಬೇಕು. ನಾನು ಮಲಗಿದ್ದೆ, ಕಣ್ಣು ಮುಚ್ಚಿತ್ತು, ನಿದ್ದೆ ಇರಲಿಲ್ಲ. ಗಂಗು ಕನಸಿನಲ್ಲಿ ಬೆಚ್ಚಿ ಎದ್ದು ಚೀರಿದಳು. ನನ್ನ ಕಡೆ ಬರಲಿಲ್ಲ. ಆಯಿಗೆ ನೋವಾಗುತ್ತದೆ, ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದಾಳೆ. ಸೂಗಮ್ಮನ ಕಡೆ ಓಡಿ ಎರಡೂ ಕೈ ಚಾಚಿ ನಿಂತಳು, ಎತ್ತಿಕೋ ಎಂದು. ಸೂಗಮ್ಮ ಕೈ ಮುಂದೆ ತಂದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡು ಸೀರೆಯಲ್ಲಿ ಮುಚ್ಚಿಕೊಂಡಳು.

"ಎತ್ಕೋ," ಎಂದು ಗಂಗು ಅತ್ತಳು.

"ಬ್ಯಾಡವ್ವ. ಇಲ್ಲೇ ಕುಂದ್ರು, ನನ್ನ ಬಾಜೂಕ. ಕಥಿ ಹೇಳ್ತೀನಿ."

"ಮಡ್ಲಾಗ."

"ಮಡ್ಲಾಗ ಬ್ಯಾಡ ನನ್ನ ತಾಯಿ. ಇನ್ನಾ ಸ್ವಲ್ಪ ದಿನ."

ಕೂಸು ಬರಿಯ ನೆಲದ ಮೇಲೆ ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋಯಿತು. ಸೂಗಮ್ಮ ಅದರ ತಲೆಯ ಹತ್ತಿರ ಕೈ ಇಟ್ಟು, ಮುಟ್ಟದೆ, ಬೀಸಣಿಗೆ ಬೀಸುತ್ತ ಕೂತಳು. ಅವಳೂ ಅಳುತ್ತಿದ್ದಳು.

ನಾನು ಕೈಯೂರಿ ಎದ್ದು ಕೂತೆ. "ಯಾಕ ಎತ್ಕೊಳ್ಲಿಲ್ಲ?" ಎಂದೆ.

"ಉಡಿ ತುಂಬಿಲ್ಲಲ್ರೀ ಅಕ್ಕೋರೆ. ಕೂಸಿಗೆ ಏನರೆ ಆದ್ರ ನಾ ಬದುಕಂಗಿಲ್ರಿ."

ಆವತ್ತು ಕಟ್ಟೆಯ ಮೇಲೆ ಮೊಣಕಾಲು ಸರಿಸಿದ್ದೂ ಇದಕ್ಕೇ. ಪೀರಮ್ಮ ನಂಬಿದ್ದಾಳೆಂದು ಖುಷಿಪಟ್ಟೆ, ಇವಳೂ ನಂಬಿರಬಹುದೆಂದು ನನಗೆ ಯಾಕೆ ಹೊಳೆಯಲಿಲ್ಲ? ಎರಡೂವರೆ ತಿಂಗಳಿಂದ ನಾನು ಕೂಸನ್ನು ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಇಟ್ಟದ್ದು ಬರಿಯ ನೆಲದ ಮೇಲೆ.

೨೮ ಏಪ್ರಿಲ್

ದಂಡೋತಿಗೆ ಫೋನ್ ಮಾಡಿದೆ. ನಾಡಿದ್ದು ಬಸವ ಜಯಂತಿ, ಒಳ್ಳೆಯ ದಿನ, ಬಾ ಎಂದೆ. "ಬಂದೇ ಬರ್ತೀನಿ, ಇಷ್ಟು ದಿನ ಯಾಕ ಕರೀಲಿಲ್ಲ?" ಎಂದಳು ಸುಂದರಮ್ಮ. ಅವಳ ತಬ್ಯೇತ್ ನನಗಿಂತ ಗಟ್ಟಿಯಿದೆ.

ರಹೀಮಾಳ ಕೈ ಹಿಡಿದುಕೊಂಡು ಬಜಾರಿಗೆ ಹೋಗಿ ಸೀರೆ ತಂದೆ. ಹಸಿರು, ಕೆಂಪು ಅಂಚು. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. "ಮಗಳಿಗೇನ್ರಿ ಟೀಚರ್?" ಎಂದ. ಹೂಂ ಎಂದೆ. ಉದ್ದನೆಯವಳು, ಅಗಲ ಹೆಚ್ಚಿರುವ ದೊಡ್ಡ ಪನ್ನಾದ್ದು ತೋರಿಸು ಎಂದೆ.

೩೦ ಏಪ್ರಿಲ್, ಬುಧವಾರ

ಆಯಿತು.

ಭೀಮು, ಪೀರಮ್ಮ, ಸುಂದರಮ್ಮ, ರಹೀಮಾ, ಇಷ್ಟೇ ಜನ. ಸೂಗಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ನಾನು ದೂರದ ಗೋಡೆಗೆ ಒರಗಿ ನಿಂತೆ. ಗಂಡ ಹೋದ ಮೇಲೆ ಇಂಥ ಕಡೆಗಳಲ್ಲಿ ನಾನು ನಿಲ್ಲುವ ಜಾಗ ಅದೇ. ಸುಂದರಮ್ಮ ಅರಿಷಿಣ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಬಸದ ಕಣ ಇಟ್ಟಳು. "ಕಟ್ಕೋ ತಾಯಿ," ಎಂದಳು.

ಸೂಗಿ ಕಟ್ಟಿಕೊಳ್ಳಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಹಾಗೆಯೇ ಕೂತಳು.

"ಇನ್ನಾ ಒಬ್ರು ಹಾಕೋದು ಬಾಕಿ ಅದ್ರಿ," ಎಂದು ನನ್ನ ಕಡೆ ನೋಡಿದಳು.

ಪೀರಮ್ಮ ಕೂತಲ್ಲಿಂದ ಕೈ ಎತ್ತಿದಳು. "ಬ್ಯಾಡ ಬ್ಯಾಡ. ಬೀಗತಿ ಬ್ಯಾಸರಾ ಮಾಡ್ಕೋಬ್ಯಾಡ್ರಿ, ಗಂಡ ಇಲ್ಲದಾಕಿ ಕೈಲೆ ಹಾಕಿಸ್ಕೊಂಬಾರದು."

ಹೌದು ಎಂದೆ ನಾನು. ಅದೇ ಮಾತನ್ನು ನಾನೇ ನೆಪ ಮಾಡಿಕೊಂಡಿದ್ದೆನಲ್ಲ. ಇನ್ನೊಬ್ಬರ ಬಾಯಿಂದ ಬಂದಾಗ ಎದೆಗೆ ಬಡಿಯಿತು.

ಸೂಗಿ ದನಿ ಎತ್ತಲಿಲ್ಲ. "ಅತ್ತಿ, ಯಾರ ಮಗಳ ಕೂಸು ನಾ ಸಾಕಬೇಕೋ ಅವರ ಕೈಯಾಗಿಂದು ಬ್ಯಾಡ ಅಂದ್ರ ಹ್ಯಾಂಗ್ರಿ? ಅವರು ಹಾಕಲಿಲ್ಲಂದ್ರ ಇದು ಉಡಿ ಅಲ್ಲ, ಬರೇ ಅಕ್ಕಿ. ಬರ್ರಿ ಯವ್ವಾ."

ಭೀಮು ತಲೆ ತಗ್ಗಿಸಿ ಕೂತಿದ್ದ. ಪೀರಮ್ಮ ನೆಲ ನೋಡಿದಳು, ಮತ್ತೆ ಬೇಡ ಎನ್ನಲಿಲ್ಲ. ರಹೀಮಾ ನನ್ನ ರಟ್ಟೆ ಹಿಡಿದು ಮುಂದೆ ತಂದಳು. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡೆ. ಅರ್ಧ ಬೆರಳ ಸಂದಿಯಿಂದ ನೆಲಕ್ಕೆ ಬಿತ್ತು. ಹರಸುವ ಮಾತು ಏನಾದರೂ ಹೇಳಬೇಕಿತ್ತು. ಬಂದದ್ದು ಇಷ್ಟೇ: "ಆಕಿ ಒಬ್ಬಾಕೀನೇ ಸುಮ್ಮ ಕುಂತಾಗ, ಏನಾತು ಅಂತ ಕೇಳು. ಆಡಾಕತ್ತಾಳ ಅಂತ ಬಿಡಬ್ಯಾಡ."

"ಬಿಡಂಗಿಲ್ರಿ ಯವ್ವಾ."

ಆಮೇಲೆ ಗಂಗು ಬಂದು ಅಕ್ಕಿ ಕೊಬ್ಬರಿಯ ಮೇಲೆಯೇ ಕುಳಿತುಬಿಟ್ಟಳು, ಸೂಗಿಯ ಮಡಿಲಲ್ಲಿ. ಎಲ್ಲರೂ ನಕ್ಕರು. ನಾನು ಚೆಲ್ಲಿದ ಅಕ್ಕಿ ಆರಿಸುತ್ತ ಕೂತೆ.

೧೮ ಮೇ, ಭಾನುವಾರ

ಸೂಗಿ, ಗಂಗು ಸೇಡಂಗೆ ಹೋದರು. ಗಂಗುವಿನ ಬಟ್ಟೆ ಎಲ್ಲ ಸೂಗಿಯೇ ಮಡಿಸಿ ಇಟ್ಟುಕೊಂಡಳು. ಪೀರಮ್ಮನ ಮೊಣಕಾಲಿಗೆ ಹಚ್ಚಲು ಎಣ್ಣೆಯನ್ನೂ ಕೊಟ್ಟೆ. ಸೂಗಿ ಸರಿಯಾಗಿ ಉಣ್ಣುವುದಿಲ್ಲ, ಎಲ್ಲರದು ಆದ ಮೇಲೆ ಉಳಿದದ್ದು ತಿನ್ನುತ್ತಾಳೆ. ಹಾಗೆ ಮಾಡಬೇಡ ಎಂದು ಬೈದೆ.

ಆಟೋ ಹತ್ತುವ ಮುನ್ನ ಗಂಗು ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು.

"ಆಯಿ, ನೀ ಬೀಳಂಗಿಲ್ಲಲ್ಲ?"

"ಇಲ್ಲ ಪುಟ್ಟಿ."

"ಬಿದ್ರ ಗದ್ಲ ಮಾಡು. ಜೋರಾಗಿ. ಚಿಗವ್ವ ಹೇಳ್ಯಾಳ, ಗದ್ಲ ಮಾಡ್ಬೇಕಂತ."

ಮಾಡುತ್ತೇನೆ ಎಂದೆ.

೧೯ ಮೇ

ಇವತ್ತು ಸೀರೆ ಮುದುಡಿಲ್ಲ. ಇಸ್ತ್ರಿ ಮಾಡಿದ ಹಾಗೆಯೇ ಇದೆ. ನೋಡಲಾಗಲಿಲ್ಲ, ಎದ್ದ ಕೂಡಲೇ ಬದಲಿಸಿದೆ.

೩೦ ಮೇ, ಶುಕ್ರವಾರ

ಗಂಗುವಿನ ಶಾಲೆ ಇವತ್ತು ಶುರು. ಬೆಳಿಗ್ಗೆಯಿಂದ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಶಾಲೆಯ ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಸೂಗಿಯ ಫೋನ್ ಬಂತು. ಬಿಕ್ಕುವ ದನಿ ಕೇಳಿಸಿತು.

"ಏನಾತೇ? ಅಳಾಕತ್ತಾಳೇನು ಗಂಗು?"

"ಇಲ್ರಿ ಯವ್ವಾ. ಟೀಚರ್ ಕೈ ಹಿಡದು ಒಳಗ ಹೋದ್ಲು. ಒಮ್ಮೆನೂ ಹೊಳ್ಳಿ ನೋಡ್ಲಿಲ್ಲ."

ಅಳುತ್ತಿದ್ದವಳು ಸೂಗಿ.

"ನೀ ಎಲ್ಲಿದ್ದಿ ಈಗ?"

"ಇಲ್ಲೇ ಕಿಟಕಿ ಬಲ್ಲಿ ನಿಂತೀನ್ರಿ. ಕಾಣಾಕತ್ತಾಳ. ಬಾಜೂದ ಪೋರಿ ಜೋಡಿ ಏನೋ ಮಾತಾಡಾಕತ್ತಾಳ."

"ಮನಿಗೆ ಹೋಗು. ನಿನ್ನ ಕಂಡ್ರ ಈಗ ಅಳ್ತಾಳ. ಇಲ್ಲಿಂದ ಮುಂದ ಆಕಿ ಟೀಚರ್ ನೋಡ್ಕೊಂತಾರ. ನಿಂದ್ರಬ್ಯಾಡ, ಹೋಗವ್ವ."

"ಹೂಂ ರೀ. ಹೋಗ್ತೀನಿ," ಎಂದು ಫೋನ್ ಇಟ್ಟಳು.

ಪ್ರತಿ ವರ್ಷ ಶಾಲೆಯ ಮೊದಲ ದಿನ ಕಿಟಕಿಗೆ ಜೋತುಬಿದ್ದ ತಾಯಂದಿರಿಗೆ ನಾನು ಹೇಳುತ್ತಿದ್ದ ಮಾತೇ ಅದು. ತಪ್ಪು ಮಾತೇನೂ ಅಲ್ಲ. ಹೇಳಿ ಕಿಟಕಿ ಮುಚ್ಚಿಕೊಂಡು ಮಕ್ಕಳ ನಡುವೆ ಹೋಗಿ ಕೂರುತ್ತಿದ್ದೆ, ಸಂಜೆಯವರೆಗೆ ನನಗೆ ಬೇರೆ ಧ್ಯಾನವೇ ಇರುತ್ತಿರಲಿಲ್ಲ. ಅವರೆಲ್ಲ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದರು, ಶಾಲೆ ಬಿಡುವವರೆಗೆ ಆ ಹೊತ್ತನ್ನು ಹೇಗೆ ಕಳೆಯುತ್ತಿದ್ದರು ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ.